ಎಡಬದಿಯ ಗಾಲಿ ಚೀರುತ್ತಿತ್ತು

ನಮ್ಮ ಮನೆಯಲ್ಲಿ ಯಾರೂ ಯಾರ ಮಾತನ್ನೂ ಒಮ್ಮೆಲೇ ನಂಬುತ್ತಿರಲಿಲ್ಲ. ನಮ್ಮವರು ಆಗ ಬಾಗಲಕೋಟೆಯಲ್ಲಿದ್ದರು, ಮುಳುಗಡೆ ಹೊಲಗಳಲ್ಲಿನ ಗಿಡಮರವನ್ನು ಪರಿಹಾರಕ್ಕಾಗಿ ಎಣಿಸುವ ಸರಕಾರಿ ಕೆಲಸ. ಮೊನ್ನೆ ನೆಟ್ಟ ದಾಳಿಂಬೆ ಗಿಡವನ್ನು ಅಜ್ಜನ ಕಾಲದ್ದು ಎಂದು ಆಣೆ ಮಾಡುವವರ ನಡುವೆ ದಿನಗಳೆದು, ಶನಿವಾರ ಮನೆಗೆ ಬಂದರೆ ನಾನು ಮಾಡಿದ ಸಾರಿಗೂ "ಇದು ಇವತ್ತಿನದ ಹೌದಿಲ್ಲೋ?" ಎಂದು ಕೇಳುತ್ತಿದ್ದರು. ಅತ್ತೆಗಂತೂ ಅದು ಹುಟ್ಟುಗುಣ. ಬೀರಪ್ಪನ ಒಕ್ಕಲಿನ ಮನೆತನ, ಮದುವೆಗೆ ಮೊದಲೂ ಆಮೇಲೂ ಕುರಿಹಿಂಡಿನ ಹಿಂದೆ ತಿರುಗಿದವರು. "ತೋಳ ಬರೂದಿಲ್ಲ ಅಂತ ಮಲಕ್ಕೊಂಡಾವನ ಕುರೀನ ತೋಳ ಒಯ್ಯೂದು" ಎನ್ನುವರು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಕಾಪಿ ಹೊಡೆಯುವ ಮಕ್ಕಳ ಕಣ್ಣು ಹಿಡಿದು ಹಿಡಿದು ನನಗೂ ಅದೇ ರೋಗ ಹತ್ತಿತ್ತು. ಹೀಗಾಗಿ ಆ ಕಾರು ಮನೆಗೆ ಬಂದ ದಿನವೇ ಮೂವರೂ ಅದರ ಸುತ್ತ ತಿರುಗಿ, ಮೂರು ಬೇರೆ ಬೇರೆ ಅನುಮಾನ ಪಟ್ಟೆವು.

ಅದೊಂದು ಹಳೇ ಬಿಳಿ ಅಂಬಾಸಿಡರ್. ಬಾಡಗಂಡಿ ಕಡೆ ಕಬ್ಬು ಕಡಿಯುವ ಗ್ಯಾಂಗು ನಡೆಸುತ್ತಿದ್ದವನೊಬ್ಬನದು. ಕಬ್ಬಿನ ಟ್ರ್ಯಾಕ್ಟರು ಓಡಾಡಿ ರಸ್ತೆಯ ನಡುವೆ ದಿಬ್ಬ ಏಳುತ್ತದಲ್ಲ, ಅದಕ್ಕೆ ಹೊಟ್ಟೆ ತಾಗಬಾರದೆಂದು ಆತ ಹಿಂದಿನ ಸ್ಪ್ರಿಂಗ್ ಕಮಾನುಗಳಿಗೆ ಹೆಚ್ಚಿನ ಉಕ್ಕಿನ ಪಾಟಾ ಕಟ್ಟಿಸಿ, ಮುಂದೆಯೂ ಏನೇನೋ ತಿರುವಿಸಿ, ಗಾಡಿಯನ್ನು ಎತ್ತಿ ನಿಲ್ಲಿಸಿದ್ದ. ಹಿಂದಿನಿಂದ ನೋಡಿದರೆ ಸೀರೆ ಎತ್ತಿ ಹಳ್ಳ ದಾಟುವ ಹೆಂಗಸಿನ ಹಾಗೆ ಕಾಣುತ್ತಿತ್ತು. ಇಷ್ಟು ಎತ್ತರ ಮಾಡಿಸಿ ಆತ ಒಳಗೆ ಏನು ಹೇರುತ್ತಿದ್ದ ಎಂಬುದು ನಮ್ಮವರ ಅನುಮಾನ. ಡಿಕ್ಕಿಯಲ್ಲಿ ಬೆಲ್ಲದ ವಾಸನೆ ಇತ್ತು. ಅದು ಬೆಲ್ಲದ್ದೋ ಬೆಲ್ಲದಿಂದ ಕಾಸಿದ್ದೋ ನಾವು ಕೇಳಲಿಲ್ಲ.

ನಾವು ಇದ್ದದ್ದು ಜಮಖಂಡಿಯಲ್ಲಿ. ನನ್ನ ಶಾಲೆ ಚಿಕ್ಕಪಡಸಲಗಿ ಕಡೆಯ ಒಂದು ಹಳ್ಳಿಯಲ್ಲಿ. ಅಲ್ಲಿಯವರೆಗೆ ಬಸ್ಸಿನಲ್ಲಿ ಹೋಗಿ ಬಂದವಳು. ಹತ್ತನೆಯ ತರಗತಿಯ ಮಕ್ಕಳಿಗೆ ಸಂಜೆ ಹೆಚ್ಚಿನ ಪಾಠ ಮಾಡಿದ ದಿನ ಕೊನೆಯ ಬಸ್ಸು ತಪ್ಪುತ್ತಿತ್ತು. ಆಗ ಯಾರದೋ ಟೆಂಪೋದಲ್ಲಿ, ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಬರಬೇಕು. ಅದು ನನಗೆ ಸಾಕಾಗಿತ್ತು. ಕಾರು ಕಲಿಯುತ್ತೇನೆ ಎಂದೆ. ನಮ್ಮವರು ನಕ್ಕರು. ಆದರೆ ಕಲಿತೆ. ಸೀಟಿನ ಮೇಲೆ ದಿಂಬು ಇಟ್ಟು, ಬೀಸುವ ಕಲ್ಲಿನಂಥ ಆ ಸ್ಟೇರಿಂಗನ್ನು ತಿರುವಿ ತಿರುವಿ ರಟ್ಟೆ ಗಟ್ಟಿ ಮಾಡಿಕೊಂಡೆ. ನಾನು ನೌಕರಿಯಲ್ಲಿ ಸಂಪಾದಿಸಿದ್ದರಲ್ಲಿ ನನ್ನದು ಎನಿಸಿದ್ದು ಆ ಗಾಡಿಯೊಂದೇ.

ಒಂದು ದಿನ ಹೊಳೆಯ ಕಡೆ ರಸ್ತೆ ಇಳಿಯುವಲ್ಲಿ ಬ್ರೇಕ್ ಒತ್ತಿದರೆ ಕಾಲು ತಳದವರೆಗೂ ಹೋಯಿತು, ಗಾಡಿ ನಿಲ್ಲಲಿಲ್ಲ. ಮುಂದೆ ಕಬ್ಬು ಹೇರಿದ ಟ್ರ್ಯಾಕ್ಟರು. ಕೈಬ್ರೇಕು ಎಳೆದು, ಗೇರು ಇಳಿಸಿ, ದೇವರೇ ಎಂದೆ. ಕಬ್ಬಿನ ಗರಿ ಬಾನೆಟ್ಟಿಗೆ ಸವರುವಷ್ಟು ಹತ್ತಿರ ಹೋಗಿ ನಿಂತಿತು. ಶನಿವಾರ ನಮ್ಮವರಿಗೆ ಹೇಳಿದೆ. ಹೇಳಬಾರದಿತ್ತು.

"ರಿಪೇರಿ ಮಾಡಸು. ಮತ್ತೊಮ್ಮೆ ಬ್ರೇಕ್ ಕೈಕೊಡ್ತಂದ್ರ ಗಾಡಿ ಮುಧೋಳಕ್ಕ ಹೋಗ್ತದ, ತಮ್ಮ ಎಂದಿನಿಂದ ಕೇಳಾಕತ್ತಾನ. ನೀ ಬಸ್ಸಿಗೆ ಹೋಗು."

ಮೈದುನ ಮುಧೋಳದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಅತ್ತೆಗೆ ಸಣ್ಣ ಮಗನೆಂದರೆ ಜೀವ. ನಮ್ಮವರು ಹಾಗೆಂದಾಗ ನಾನು ಅತ್ತೆಯ ಮುಖ ನೋಡಿದೆ. ಅವರು ಉಣ್ಣೆ ಹಿಂಜುತ್ತ ಕೂತಿದ್ದರು, ತಲೆ ಎತ್ತಲಿಲ್ಲ. ಆ ಸುಮ್ಮನಿರುವಿಕೆಯನ್ನು ನಾನು ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಮಿಸ್ತ್ರಿಯ ಗ್ಯಾರೇಜು ಊರ ಹೊರಗೆ ಬೇವಿನ ಮರದ ಕೆಳಗಿತ್ತು. ಆತ ಮಾತುಗಾರ, ಅದಕ್ಕೂ ಹೆಚ್ಚು ಸಂಶಯದವನು. ಬಾನೆಟ್ ಎತ್ತುವ ಮೊದಲೇ ಕೇಳಿದ:

"ಈ ಮೊದಲ ಯಾರ ಕೈ ಹಚ್ಚ್ಯಾರ್ರೀ ಇದಕ್ಕ? ಬನಹಟ್ಟಿಗೆ ಒಯ್ದಿದ್ರೇನು?"

"ಇಲ್ಲ."

"ಖರೆ ಹೇಳ್ರಿ ಅಕ್ಕಾರ. ಆ ಬನಹಟ್ಟಿ ಮಿಸ್ತ್ರಿ ಕೆಡಿಸಿ ಕಳಸ್ತಾನ, ನನ್ನ ಹೆಸರು ಕೆಡತೈತಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡು ನೋಡಿಕೊಳ್ಳುವವನು ಇವನೇ ಎಂದು ನನಗೆ ಅನಿಸಿತು. ಬ್ರೇಕ್ ಪೂರಾ ಹೊಸದು ಮಾಡಬೇಕು, ಜೊತೆಗೆ ಗಾಡಿಯನ್ನು ತಗ್ಗಿಸಬೇಕು ಎಂದೆ. ಅತ್ತೆಗೆ ಮೊಳಕಾಲು ನೋವು. ಅಮಾವಾಸ್ಯೆಗೊಮ್ಮೆ ಬೀರಪ್ಪನ ಗುಡಿಗೆ ಕರೆದೊಯ್ಯುವಾಗ ಅವರನ್ನು ಹತ್ತಿಸುವುದು ಒಂದು ಹೋರಾಟ, ಮೇಲಾಗಿ ಆ ಎತ್ತರದಲ್ಲಿ ತಿರುವಿಗೊಮ್ಮೆ ಗಾಡಿ ತೂರಾಡುತ್ತಿತ್ತು. ಮಿಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಇಡೀ ಜಿಲ್ಲಾ ಗಾಡಿ ಏರಸ್ರಿ ಅಂತ ಬರತೈತಿ. ನೀವೊಬ್ರ ಇಳಸ್ರಿ ಅಂತೀರಿ. ಏನ ಕಾರಣ?"

ಕಾರಣ ಹೇಳಿದೆ. ನಂಬಲಿಲ್ಲ. ಕಾಲೇಜು ಹುಡುಗರು ಶೋಕಿಗೆ ಇಳಿಸುವುದನ್ನು ಕಂಡಿದ್ದನಂತೆ, ಮಾಸ್ತರಿಣಿಗೆ ಯಾವ ಶೋಕಿ ಎಂಬ ಪ್ರಶ್ನೆ ಅವನ ಹುಬ್ಬಿನ ಮೇಲೆ ಹಾಗೇ ಉಳಿಯಿತು.

ನನಗೆ ಅವನ ಮೇಲೆ ಬೇರೆಯೇ ಅನುಮಾನ. ಹಳೇ ಬ್ರೇಕ್ ಸಾಮಾನಿಗೆ ಮರಳುಕಾಗದ ತಿಕ್ಕಿ, ಬಣ್ಣ ಬಳಿದು, ಹೊಸದು ಹಾಕಿದೆ ಎನ್ನುವವರ ಕಥೆ ಶಾಲೆಯ ಸ್ಟಾಫ್‌ರೂಮಿನಲ್ಲಿ ಬೇಕಾದಷ್ಟು ಕೇಳಿದ್ದೆ. ಅವನು ಗಾಲಿಯ ಡ್ರಮ್ಮು ಬಿಚ್ಚಿಟ್ಟು ಆಚೆ ಹೋದಾಗ, ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಹಳೇ ಶೂಗಳ ಒಳಬದಿಗೆ, ಅವನಿಗೆ ಕಾಣದ ಹಾಗೆ, ನನ್ನ ಉಗುರಿನ ಬಣ್ಣದ ಚುಕ್ಕೆ ಇಟ್ಟೆ. ಬಿಚ್ಚಿದ ಸಾಮಾನೆಲ್ಲ ಚೀಲದಲ್ಲಿ ತುಂಬಿ ವಾಪಸು ಕೊಡಬೇಕು ಎಂದೆ. ಅದೂ ಸಾಲದೆನಿಸಿ, ನಾನು ಶಾಲೆಗೆ ಹೋಗುವ ಹೊತ್ತಿನಲ್ಲಿ ಅತ್ತೆಯನ್ನು ಅಲ್ಲಿ ಕಾವಲಿಗೆ ಕೂಡಿಸಿದೆ.

ಅತ್ತೆಗೆ ಆ ಕೆಲಸ ಬಹಳ ಹಿಡಿಸಿತು. ಬೇವಿನ ನೆರಳಿಗೆ ಕಂಬಳಿ ಹಾಸಿ, ಕದಿರು ತಿರುಗಿಸಿ ಕರಿ ಉಣ್ಣೆ ನೂಲುತ್ತ, ಕಣ್ಣು ಮಾತ್ರ ಮಿಸ್ತ್ರಿಯ ಕೈಯ ಮೇಲೆ. ಕುರಿಯ ಹಿಂಡನ್ನು ನೋಡುವವರ ಕಣ್ಣು ಅದು. ಕೈ ತನ್ನ ಪಾಡಿಗೆ ನೂಲುತ್ತದೆ, ಕಣ್ಣು ಒಂದು ಮರಿಯನ್ನೂ ಬಿಡುವುದಿಲ್ಲ. ಸಂಜೆ ವರದಿ ಒಪ್ಪಿಸುವರು.

"ಇವತ್ತ ಹಿಂದಿನ ಕಮಾನದಾಗಿಂದು ಪಾಟಾ ಬಿಚ್ಚಿ ತಗದ. ಮುಂದಿನ ಕಡೆ ಉದ್ದನ್ನ ರಾಡ ಐತಿ ನೋಡು, ಅದನ್ನ ತಿರುವಿ ಗಾಡಿ ಕುಂಡ್ರಿಸಿದ. ಗಾಲಿ ಮುಖದಾಗ ಒಂದು ತೂತು ಇರತೈತಿ, ಅದರಾಗ ಪಾನಾ ಹಾಕಿ ಏನೋ ಬಿಗಿ ಮಾಡ್ತಾನ. ಆ ತೂತಿನಾಗ ನೋಡಿದ್ರ ಒಳಗಿಂದೆಲ್ಲಾ ಕಾಣತೈತಿ."

"ನೀವು ಬಗ್ಗಿ ನೋಡಿದ್ರಿ?"

"ಮತ್ತ! ಬ್ಯಾಟರಿ ಹಚ್ಚಿ ನೋಡೀನಿ. ಬೈದಾ ಅವಾ. ಬೈಲಿ."

ನನ್ನ ತರಗತಿಯ ಮಕ್ಕಳ ಪೈಕಿ ಇಷ್ಟು ಗಮನ ಕೊಟ್ಟು ಪಾಠ ಕೇಳಿದವರು ಒಬ್ಬರೂ ಇರಲಿಲ್ಲ ಎಂದು ನಕ್ಕೆ.

ಗಾಡಿ ಬಂತು. ನೆಲಕ್ಕೆ ಒಳ್ಳೆ ಒಪ್ಪವಾಗಿ ಕೂತಿತ್ತು, ತಿರುವಿನಲ್ಲಿ ತೂರಾಡುತ್ತಿರಲಿಲ್ಲ. ಅತ್ತೆ ಕಾಲೆತ್ತಿ ಇಡುವ ಬದಲು ಕಾಲಿಟ್ಟು ಕೂತರು. ಬ್ರೇಕ್ ಒತ್ತಿದರೆ ಹಿಡಿದಲ್ಲೇ ನಿಲ್ಲುತ್ತಿತ್ತು. ಚೀಲದಲ್ಲಿನ ಹಳೇ ಶೂಗಳಲ್ಲಿ ನನ್ನ ಚುಕ್ಕೆಗಳೆಲ್ಲ ಇದ್ದವು, ಹಾಗಾಗಿ ಹಾಕಿದ್ದು ಹೊಸದೇ. ಇಷ್ಟಾದರೂ ನನ್ನ ಮನಸ್ಸು ಒಪ್ಪದ ಹಾಗೆ ಒಂದು ಕುಂದು ಉಳಿದಿತ್ತು. ಮೆಲ್ಲಗೆ ಬ್ರೇಕ್ ಒತ್ತಿದಾಗಲೆಲ್ಲ ಎಡಬದಿಯ ಗಾಲಿಗಳು ಚೀರುತ್ತಿದ್ದವು. ಸಣ್ಣ ಚೀರಾಟವಲ್ಲ, ಕಿವಿಯೊಳಗೆ ಸೂಜಿ ಹೋದಂಥದ್ದು.

"ಶೂ ಮ್ಯಾಲಿನ ಹೊಸಾ ಲೈನರ್ ಅಕ್ಕಾರ, ಡ್ರಮ್ಮಿಗೆ ಹೊಂದಿಕೊಳ್ಳೂತನಾ ಕೂಗ್ತಾವು," ಎಂದ ಮಿಸ್ತ್ರಿ. "ಹೊಸಾ ಸೊಸಿ ಇದ್ದಂಗ."

ಆ ಮಾತಿಗೆ ನನಗೆ ನಗು ಬರಲಿಲ್ಲ. ಕಡಿಮೆ ದರ್ಜೆಯ ಲೈನರ್ ಹಾಕಿದ್ದಾನೆ, ಬೇಕೆಂದೇ ಎಡಕ್ಕೊಂದು ಬಲಕ್ಕೊಂದು ಹಾಕಿದ್ದಾನೆ ಎಂದು ಗಟ್ಟಿಯಾಗಿ ನಂಬಿದೆ.

ನಮ್ಮ ಓಣಿ ಸಣ್ಣದು, ಹೊಕ್ಕ ಕೂಡಲೇ ತಿರುವು. ತಿರುವಿನಲ್ಲಿ ಬ್ರೇಕ್ ಒತ್ತಲೇಬೇಕು. ಸಂಜೆ ಹೆಚ್ಚಿನ ಪಾಠ ಮುಗಿಸಿ ದೀಪ ಹಚ್ಚಿದ ಮೇಲೆ ಬರುವಾಗ ಗಾಲಿ ಚೀರುತ್ತಿತ್ತು, ಕಿಟಕಿಗಳ ಪರದೆಗಳು ಸರಿಯುತ್ತಿದ್ದವು. ಎದುರು ಮನೆಯಾಕೆಯಂತೂ ರೊಟ್ಟಿಯ ಹಿಟ್ಟು ಕೈಗೆ ಅಂಟಿಸಿಕೊಂಡೇ ಬಾಗಿಲಿಗೆ ಬರುವಳು. ನಾನು ನಕ್ಕು ತಲೆಯಾಡಿಸುವೆ, ಆಕೆ ನಗುವ ಮೊದಲು ಕಾರಿನ ಹಿಂದಿನ ಸೀಟಿನತ್ತ ಕಣ್ಣು ಹಾಯಿಸುವಳು. ಅಲ್ಲಿ ಉತ್ತರ ಪತ್ರಿಕೆಗಳ ಕಟ್ಟು ಇರುತ್ತಿತ್ತು.

ಹೀಗೇ ನಡೆದಿರಲು, ಒಂದು ಸಂಜೆ ಚೀರಾಟ ತೀರ ಕಡಿಮೆಯಾಯಿತು. ಮರುದಿನ ಬೆಳಿಗ್ಗೆ ಓಣಿಯಿಂದ ಹೊರಬೀಳುವಾಗ ಇಲ್ಲವೇ ಇಲ್ಲ. ಮಿಸ್ತ್ರಿ ಹೇಳಿದ್ದು ನಿಜವಾಯಿತಲ್ಲ, ಹೊಂದಿಕೊಂಡಿತು ಎಂದುಕೊಂಡೆ. ಬೆಳಗಿನ ತಂಪಿಗೆ ಕಿಟಕಿ ಇಳಿಸಿ ಹೊರಟೆ. ರಸ್ತೆ ಖಾಲಿ ಇತ್ತು, ಬ್ರೇಕಿಗೆ ಕೆಲಸವೂ ಇರಲಿಲ್ಲ. ಹೊಳೆಯ ಇಳಿಜಾರಿಗೆ ಬಂದಾಗ ಎದುರಿನಿಂದ ಕಬ್ಬಿನ ಟ್ರ್ಯಾಕ್ಟರು ಏರಿ ಬರುತ್ತಿತ್ತು. ಅದು ದಾಟಿ ಹೋಯಿತು, ಅದರ ಹಿಂದೆಯೇ ಒಂದು ಎಮ್ಮೆ ರಸ್ತೆಗಿಳಿಯಿತು. ಬ್ರೇಕ್ ಒತ್ತಿದೆ. ಬಲಗಡೆಯ ಗಾಲಿಗಳು ಹಿಡಿದವು, ಎಡಗಡೆಯವು ಹಿಡಿಯಲೇ ಇಲ್ಲ. ಯಾರೋ ಸ್ಟೇರಿಂಗನ್ನು ಕೈಯಿಂದ ಕಿತ್ತುಕೊಂಡ ಹಾಗೆ ಗಾಡಿ ಬಲಕ್ಕೆ ಎಳೆಯಿತು, ರಸ್ತೆ ಅಡ್ಡಹಾಯ್ದು ಆಚೆಯ ಕಬ್ಬಿನ ಹೊಲಕ್ಕೆ ನುಗ್ಗಿತು. ಕಬ್ಬು ಮುರಿಯುವ ಸದ್ದು, ಆಮೇಲೆ ಏನೂ ಇಲ್ಲ. ಟ್ರ್ಯಾಕ್ಟರು ಒಂದು ಗಳಿಗೆ ತಡವಾಗಿ ಬಂದಿದ್ದರೆ ನಾನು ಅದರ ಅಡಿಗೆ ಹೋಗುತ್ತಿದ್ದೆ. ಹೆದರಿಕೆಗಿಂತ ಹೆಚ್ಚು ಸಿಟ್ಟು ಬಂದಿತ್ತು.

ಹೊಲದವರು ಬಂದು ಗಾಡಿ ಹಿಂದಕ್ಕೆ ನೂಕಿ ಕೊಟ್ಟರು. ಶಾಲೆಗೆ ಹೋಗದೆ, ಆಮೆಯ ಹಾಗೆ ನಡೆಸಿಕೊಂಡು ಸೀದಾ ಗ್ಯಾರೇಜಿಗೆ ಬಂದೆ. ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ. ಮಿಸ್ತ್ರಿಗೆ ನನ್ನಿಂದ ಏನು ಹಗೆ? ಇಲ್ಲ. ಆದರೆ ಗಾಡಿ ಕೆಟ್ಟರೆ ಲಾಭ ಯಾರಿಗೆ? ಮೈದುನನಿಗೆ. ಮೈದುನ ಹಿಂದಿನ ವಾರ ಜಮಖಂಡಿಗೆ ಬಂದಿದ್ದ, ಗ್ಯಾರೇಜಿನ ಮುಂದೆ ನಿಂತು ಚಹಾ ಕುಡಿದಿದ್ದ. ಗಣಿತದವಳಿಗೆ ಎರಡು ಚುಕ್ಕೆ ಸಿಕ್ಕರೆ ಗೆರೆ ಎಳೆಯುವುದು ಎಷ್ಟು ಹೊತ್ತಿನ ಕೆಲಸ? ಎಳೆದೆ.

ಗ್ಯಾರೇಜಿನಲ್ಲಿ ನಾನು ಎತ್ತಿದ ದನಿಗೆ ಪಕ್ಕದ ಪಂಚರ್ ಅಂಗಡಿಯವರೆಲ್ಲ ಬಂದು ನಿಂತರು. ಮಿಸ್ತ್ರಿಯೂ ಕಡಿಮೆ ಆಸಾಮಿ ಅಲ್ಲ.

"ನನ್ನ ಕೆಲಸಕ್ಕ ಹೆಸರ ಇಡಬ್ಯಾಡ್ರಿ! ನೀವ ಬ್ಯಾರೆ ಕಡೆ ಬಿಚ್ಚಿಸಿರಬೇಕು. ಬನಹಟ್ಟಿಯಾಂವ ಕೈ ಹಾಕ್ಯಾನ, ನನಗ ಗೊತ್ತೈತಿ."

"ಬಿಚ್ಚು. ನನ್ನ ಕಣ್ಣೆದುರಿಗೇ ಬಿಚ್ಚು."

ಎಡಗಡೆಯ ಮುಂದಿನ ಗಾಲಿ ಬಿಚ್ಚಿ, ಡ್ರಮ್ಮು ಎಳೆದ. ಎಳೆದವನು ಹಾಗೇ ಕೂತುಬಿಟ್ಟ. ಒಳಗೆಲ್ಲ ಎಣ್ಣೆ. ಹೊಸ ಲೈನರ್ ಎಣ್ಣೆ ಕುಡಿದು ಕಪ್ಪಗೆ ಮಿರುಗುತ್ತಿತ್ತು, ಶೂ ಮತ್ತು ಡ್ರಮ್ಮಿನ ಸಂದಿಯಲ್ಲಿ ಕರಿಯ ಕೂದಲಿನಂಥ ಒಂದು ಉಂಡೆ ಸಿಕ್ಕಿಕೊಂಡಿತ್ತು. ಅದನ್ನು ಸ್ಕ್ರೂಡ್ರೈವರಿನ ತುದಿಯಿಂದ ಎತ್ತಿ, ಮುಖದಿಂದ ದೂರ ಹಿಡಿದ.

"ಬ್ರೇಕ್ ಆಯಿಲ್ ಅಲ್ಲಿದು. ಔಡಲೆಣ್ಣಿ ವಾಸನಿ ಬರಾಕತ್ತೈತಿ." ಹರಳೆಣ್ಣೆಯ ಆ ವಾಸನೆ ನನಗೂ ಬಡಿಯಿತು. ಆತ ದನಿ ಇಳಿಸಿದ. "ಕೂದಲ ಬ್ಯಾರೆ. ಅಕ್ಕಾರ, ನಿಮಗ ಯಾರರೆ ಮಾಟ ಮಾಡಿಸ್ಯಾರೇನ್ರಿ?"

ಪಂಚರ್ ಅಂಗಡಿಯವರು ಒಂದು ಹೆಜ್ಜೆ ಹಿಂದೆ ಸರಿದರು. ನಾನು ಆ ಉಂಡೆಯನ್ನು ಕೈಗೆ ತೆಗೆದುಕೊಂಡೆ. ಮನುಷ್ಯರ ಕೂದಲಲ್ಲ, ಕುರಿಯ ಉಣ್ಣೆ. ಹಿಂಜಿ, ಬೆರಳಲ್ಲಿ ಸುತ್ತಿ, ಬತ್ತಿಯ ಹಾಗೆ ಹೊಸೆದದ್ದು. ಆ ಹೊಸೆತ ನನಗೆ ಗೊತ್ತು. ಮದುವೆಯಾದ ದಿನದಿಂದ ನಮ್ಮ ದೇವರ ಮುಂದಿನ ಹತ್ತಿಯ ಬತ್ತಿಯನ್ನೂ ಅದೇ ಕೈ ಹೊಸೆಯುತ್ತಿತ್ತು, ತುದಿಗೆ ಒಂದು ಮಡಿಕೆ ಹಾಕಿ.

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಮೈದುನನವರೆಗೆ ಎಳೆದ ಗೆರೆಯನ್ನು ನಾನು ಅಳಿಸಲಿಲ್ಲ, ಇನ್ನೂ ಒಂದು ಚುಕ್ಕೆ ಮುಂದಕ್ಕೆ, ಅತ್ತೆಯವರೆಗೆ ಎಳೆದೆ. ಸಣ್ಣ ಮಗನಿಗೆ ಗಾಡಿ ಸಿಗಲೆಂದು ಈ ಮುದುಕಿ ನನ್ನ ಪ್ರಾಣಕ್ಕೇ ಕೈ ಹಾಕಿದರೇ? ಗಾಡಿ ಅಲ್ಲೇ ಬಿಟ್ಟು, ಉಣ್ಣೆಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಮನೆಗೆ ನಡೆದೆ. ಅಷ್ಟು ದೂರ ನಡೆದರೂ ಸಿಟ್ಟು ಇಳಿಯಲಿಲ್ಲ. ಅದರ ಕೆಳಗೆ ಹೆದರಿಕೆ ಇತ್ತು. ಒಂದೇ ಒಲೆಯ ಮೇಲೆ ಬೇಯಿಸಿ ಉಣ್ಣುವವರ ಮೇಲೆ ಇಂಥ ಅನುಮಾನ ಬಂದರೆ ನಾಳೆ ಆ ಅನ್ನ ಗಂಟಲಲ್ಲಿ ಇಳಿಯುವುದು ಹೇಗೆ?

ಅತ್ತೆ ಪಡಸಾಲೆಯಲ್ಲಿ ನೂಲುತ್ತ ಕೂತಿದ್ದರು.

"ಯಾಕ ಇಷ್ಟ ಲಗೂ ಬಂದಿ? ಗಾಡಿ ಎಲ್ಲೈತಿ?"

ಕರ್ಚೀಫು ಬಿಚ್ಚಿ ಅವರ ಮುಂದೆ ಇಟ್ಟೆ. "ಇದ ಯಾರದ್ರೀ ಅತ್ತಿ?"

ಅವರು ನೋಡಿ, ಮುಚ್ಚುಮರೆಯಿಲ್ಲದೆ ಹೇಳಿದರು. "ನಂದ. ಮೊನ್ನೆ ಔಡಲೆಣ್ಣಿಯಾಗ ನೆನಿಸಿ ಆ ತೂತಿನಾಗ ತುರುಕಿದ್ದೆ. ಎಡಗಡೀವು ಎರಡಕ್ಕೂ. ಮ್ಯಾಲ ಒಂದ ನಾಕ ಚಮಚಾ ಎಣ್ಣಿನೂ ಬಿಟ್ಟೀನಿ. ಬಂಡಿ ಗಾಲಿ ಚೀರಿದ್ರ ನಮ್ಮಪ್ಪ ಹಂಗ ಮಾಡ್ತಿದ್ದ. ಯಾಕ, ಮತ್ತ ಚೀರಾಕತ್ತೈತೇನು?"

"ನನಗ್ಯಾಕ ಹೇಳಲಿಲ್ಲ?"

ಕದಿರು ನಿಂತಿತು. ಅವರು ಬಾಗಿಲಿನಾಚೆ, ಎದುರು ಮನೆಯ ಕಡೆ ನೋಡಿದರು.

"ಹೇಳಿದ್ರ ಯಾಕ ಅಂತ ಕೇಳತಿದ್ದಿ. ಎದರ ಮನಿಯಾಕಿ ನೀರಿಗೆ ನಿಂತಲ್ಲಿ ನಾಕ ಮಂದಿ ಮುಂದ ಅಂದ್ಲು, ಗಂಡ ಬಾಗಲಕೋಟ್ಯಾಗ, ಇಕಿ ಗಾಲಿ ದೀಪಾ ಹಚ್ಚಿದ ಮ್ಯಾಲ ಚೀರತೈತಿ ಅಂತ. ಎಷ್ಟೊತ್ತಿಗೆ ಬಂದ್ಲು, ಯಾರ ಜೋಡಿ ಬಂದ್ಲು, ಅದನ್ನ ಎಣಸ್ತಾರ ಅವರು. ಗಾಲಿ ಚೀರಿದ್ರ ತಾನ ಎಣಸೂದು? ಸುಮ್ಮ ಬಾ, ಸುಮ್ಮ ಹೋಗು ಅಂತ ಎಣ್ಣಿ ಬಿಟ್ಟೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಡಿದುಕೊಂಡಿತು. ನಮ್ಮವರು. ನನ್ನ ಗಾಡಿ ಹೊಲದಲ್ಲಿ ನಿಂತದ್ದನ್ನು ಆ ದಾರಿಯ ಬಸ್ಸಿನಲ್ಲಿದ್ದ ಯಾರೋ ಕಂಡು ಬಾಗಲಕೋಟೆ ಮುಟ್ಟಿಸಿದ್ದರು. ಅವರ ದನಿ ಪಡಸಾಲೆಗೆಲ್ಲ ಕೇಳುತ್ತಿತ್ತು.

"ಬ್ರೇಕ್ ಹಿಡೀಲಿಲ್ಲಂತ? ಕಬ್ಬಿನಾಗ ನುಗ್ಗಿದಂತ? ಇವತ್ತ ತಮ್ಮಗ ಹೇಳ್ತೀನಿ, ಬಂದ ಒಯ್ಲಿ. ನಿನ್ನ ಜೀವಾ ಏನ ಬಿಟ್ಟಿ ಬಿದ್ದೈತೇನು?"

ಅತ್ತೆ ಎದ್ದರು. ಅವರ ಮುಖ ನೋಡಿದಾಗ ನನಗೆ ತಿಳಿಯಿತು, ತಮ್ಮ ಎಣ್ಣೆ ಎಲ್ಲಿಗೆ ಹೋಗಿ ಏನು ಮಾಡಿತು ಎಂಬುದು ಅವರಿಗೆ ಆಗಷ್ಟೇ ಹೊಳೆದಿತ್ತು. ತುಟಿ ಬಿಳಿಚಿಕೊಂಡಿತ್ತು. ಅಂಥ ಮುಖವನ್ನು ನಟಿಸಲು ಯಾರಿಗೂ ಬರುವುದಿಲ್ಲ. ವರ್ಷವಿಡೀ ಸುಳ್ಳು ಹೇಳುವ ಮಕ್ಕಳ ಮುಖ ನೋಡಿದವಳು ನಾನು. ನನ್ನ ಕೈಯಿಂದ ಫೋನು ಕಸಿದುಕೊಂಡು, ಉಲ್ಟಾ ಹಿಡಿದು, ಮತ್ತೆ ಸರಿ ಮಾಡಿಕೊಂಡರು.

"ಲೇ, ನಾ ಮಾತಾಡಾಕತ್ತೀನಿ. ಗಾಡೀದ ತಪ್ಪಲ್ಲ, ಮಿಸ್ತ್ರೀದ ತಪ್ಪಲ್ಲ. ಗಾಲಿಗೆ ಎಣ್ಣಿ ಬಿಟ್ಟಾಕಿ ನಾನು. ನನ್ನ ಸೊಸೀನ ನಾನ ಕೊಲ್ಲತಿದ್ದೆ. ಗಾಡಿ ಎಲ್ಲೂ ಹೋಗೂದಿಲ್ಲ. ಮುಧೋಳದಾವ ಒಯ್ಯಾಕ ಬಂದ್ರ ಹೊಸ್ತಿಲದಾಗ ನಾ ಮಲಗತೀನಿ, ದಾಟಿ ಒಯ್ಲಿ."

ಫೋನು ಇಟ್ಟು ಅತ್ತೆ ನನ್ನ ಭುಜ, ರಟ್ಟೆ, ತಲೆ ಎಲ್ಲ ಮುಟ್ಟಿ ಮುಟ್ಟಿ ನೋಡಿದರು, ಎಲ್ಲಾದರೂ ಪೆಟ್ಟು ಅಡಗಿಸಿಟ್ಟಿದ್ದೇನೇನೋ ಎಂಬ ಸಂಶಯದಿಂದ. ಆಮೇಲೆ ಇಬ್ಬರೂ ಅತ್ತೆವು. ಮೈದುನನವರೆಗೆ ಎಳೆದಿದ್ದ ಆ ಗೆರೆಯ ಮಾತನ್ನು ನಾನು ಅವರೆದುರು ಎಂದೂ ಎತ್ತಲಿಲ್ಲ.

ಮಿಸ್ತ್ರಿ ಎಡಗಡೆಗೆ ಮತ್ತೆ ಹೊಸ ಲೈನರ್ ಹಾಕಿದ. ನಿಜ ಹೇಳಿದರೂ ಆತ ನಂಬಲಿಲ್ಲ. ಮನೆಯ ಮರ್ಯಾದೆಗಾಗಿ ಅತ್ತೆಯ ಮೇಲೆ ಹಾಕುತ್ತಿದ್ದೇನೆ, ಖರೆ ಮಾಡಿಸಿದವನು ಬನಹಟ್ಟಿಯವನೇ ಎಂದು ಹೇಳಿ ಗ್ಯಾರೇಜಿಗೆ ಲಿಂಬೆಹಣ್ಣು ಕಟ್ಟಿದ. ನಾನೂ ಅವನನ್ನು ಪೂರಾ ನಂಬಲಿಲ್ಲ. ಆ ಎರಡನೇ ಸಲ ಗಾಡಿಯಲ್ಲಿದ್ದ ನನ್ನ ಒಳ್ಳೆಯ ಜಾಕ್ ಹೋಗಿ ತುಕ್ಕು ಹಿಡಿದದ್ದೊಂದು ಬಂದಿತ್ತು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ.

ಹೊಸ ಲೈನರ್ ಮತ್ತೆ ಚೀರತೊಡಗಿತು. ಮೊದಲ ಸಂಜೆ ಓಣಿಗೆ ಬಂದಾಗ ದೀಪ ಹಚ್ಚಿಯಾಗಿತ್ತು. ತಿರುವಿನಲ್ಲಿ ಗಾಲಿ ಕೂಗಿತು, ಪರದೆಗಳು ಸರಿದವು, ಎದುರು ಮನೆಯ ಬಾಗಿಲು ತೆರೆಯಿತು. ನಮ್ಮ ಮನೆಯ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ಮೊಳಕಾಲು ಹಿಡಿದು ಎದ್ದು ನಿಂತು, ಇಡೀ ಓಣಿಗೆ ಕೇಳುವ ಹಾಗೆ, ಬೆಟ್ಟದ ಆಚೆಯ ಹಿಂಡನ್ನು ಕರೆಯುವ ದನಿಯಲ್ಲಿ ಕೂಗಿದರು.

"ನಮ್ಮ ಸೊಸಿ ಬಂದ್ಲು ನೋಡ್ರೇ! ಸಾಲಿ ಮುಗಿಸಿ ಬಂದಾಳ. ಬರ್ರಿ, ಛಲೋತ್ನಂಗ ನೋಡ್ರಿ!"

ಎದುರು ಮನೆಯ ಬಾಗಿಲು ಮುಚ್ಚಿತು. ಮನೆಯ ಮುಂದೆ ಇನ್ನೂ ಜಾಗ ಬೇಕಾದಷ್ಟಿತ್ತು, ಒತ್ತುವ ಅಗತ್ಯ ಇರಲಿಲ್ಲ. ಆದರೂ ನಾನು ಮೆಲ್ಲಗೆ, ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಹೋದೆ.